ನಾಲಗೆ ಒಪ್ಪಿದ್ದು

2025ರ ಫೆಬ್ರುವರಿ 10, ಸೋಮವಾರ. ಬೆಳಿಗ್ಗೆ 10.40ಕ್ಕೆ ಬೈಲಹೊಂಗಲ ಪೊಲೀಸ್ ಠಾಣೆಯ ಮೂರು ಮೆಟ್ಟಿಲು ಹತ್ತಿದ ಯುವತಿಯೊಬ್ಬಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದೆ ಅವಳ ತಾಯಿ. ಹೆಡ್ ಕಾನ್‌ಸ್ಟೆಬಲ್ ಮಡಿವಾಳೆಪ್ಪ ಮೇಜಿನಿಂದ ತಲೆಯೆತ್ತಿ ನೋಡಿದ. ಹುಡುಗಿಗೆ ಇಪ್ಪತ್ತನಾಲ್ಕು ಇದ್ದೀತು. ಗಟ್ಟಿ ಕಾಲು, ಓಟದವರು ಹಾಕುವ ಬೂಟು. ಉಸಿರು ಮಾತ್ರ ಎಪ್ಪತ್ತರ ಮುದುಕಿಯದು.

"ಕುಂಡ್ರವಾ ಮೊದಲ. ನೀರ ಕುಡಿ. ಯಾರರ ಬೆನ್ನ ಹತ್ಯಾರೇನು?"

"ಯಾರೂ ಹತ್ತಿಲ್ರಿ. ಬಸ್‌ಸ್ಟ್ಯಾಂಡಿನಿಂದ ನಡಕೋತ ಬಂದೇನಿ, ಅಷ್ಟ. ಅದರದ ಕಂಪ್ಲೇಂಟ್ ಐತಿ."

ಅವಳ ಹೆಸರು ಪ್ರಜ್ಞಾ ಕಾಂಬಳೆ. ಊರು ಸಂಗೊಳ್ಳಿ. ತಾಯಿ ರೇಣು ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ. ಪ್ರಜ್ಞಾ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಏಪ್ರಿಲ್ 7ಕ್ಕೆ ದೈಹಿಕ ಪರೀಕ್ಷೆ ಇತ್ತು. ನಾನೂರು ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಹೋದ ವರ್ಷ ಅವಳು ಅದನ್ನು ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡಿನಲ್ಲಿ ಓಡಿದ್ದಳು. ಈಗ ನೂರೈವತ್ತಕ್ಕೆ ನಿಲ್ಲುತ್ತಿದ್ದಳು.

ದೂರನ್ನು ಅವಳೇ ಎರಡು ಪುಟ ಬರೆದು ತಂದಿದ್ದಳು. ಇನ್‌ಸ್ಪೆಕ್ಟರ್ ಮಹಾನಂದಾ ತಮ್ಮ ಕೋಣೆಯಲ್ಲಿ ಅದನ್ನು ಎರಡು ಸಲ ಓದಿದರು. ಒಂದೂವರೆ ವರ್ಷದಿಂದ ಓಟದ ತರಬೇತಿ ಕೊಡುತ್ತಿದ್ದ ಕಾಂತೇಶ ಎಂಬಾತ ತನಗೆ ಮತ್ತು ಇತರರಿಗೆ ಹೊಗೆ ಪೆನ್ನು, ಅಂದರೆ ಇ-ಸಿಗರೇಟು, ಮಾರುತ್ತಿದ್ದ. ನಿಕೋಟಿನ್ ಇಲ್ಲ, ತಂಬಾಕು ಇಲ್ಲ, ಬರೀ ಸುವಾಸನೆ ಅಂದಿದ್ದ. ತಾನು ಎಂಟು ತಿಂಗಳು ಸೇದಿದೆ. ಈಗ ಪುಪ್ಪುಸದ ಸಣ್ಣ ನಾಳಗಳು ಕೆಟ್ಟಿವೆ ಎಂದು ಬೆಳಗಾವಿಯ ಆಸ್ಪತ್ರೆಯವರು ಹೇಳಿದ್ದಾರೆ.

"ಮೇಡಂರ," ರೇಣು ನಡುವೆ ಬಾಯಿ ಹಾಕಿದಳು. "ತಾನ ಸೇದೀನಿ ಅಂತ ಬರೀಬ್ಯಾಡ್ರಿ. ಯಾರೋ ಚಾದಾಗ ಹಾಕಿ ಕೊಟ್ಟಾರಂತ ಬರೀರಿ."

"ಚಾದಾಗ ಹೊಗಿ ಹಾಕಾಕ ಬರ್ತೈತೇನ ಯವ್ವಾ?"

"ನೀ ಬಾಯಿ ಮುಚ್ಚು. ನಾಳೆ ನಿನ್ನ ಯಾರು ಮಾಡ್ಕೋತಾರ?"

"ಮಾಡ್ಕೊಳ್ಳಾವ ಬಂದಾಗ ಕೇಳೂಣಂತ. ಈಗ ಮೇಡಂರು ಕೇಳಾಕತ್ತಾರ."

ಮಹಾನಂದಾ ನಗಲಿಲ್ಲ. ಅವರು ರಾಮದುರ್ಗದ ಕಡೆಯ ಸುರೇಬಾನದವರು. ಹದಿನಾರು ವರ್ಷದ ನೌಕರಿಯಲ್ಲಿ ಹೆಣ್ಣುಮಕ್ಕಳ ದೂರುಗಳು ಎಲ್ಲಿ ಸೋಲುತ್ತವೆ ಎಂಬುದನ್ನು ನೋಡಿದ್ದರು. ಹೆಚ್ಚಿನವು ಠಾಣೆಯ ಬಾಗಿಲ ಹೊರಗೇ ಮಾತಿಲ್ಲದೆ ಮುಗಿದುಹೋಗುತ್ತಿದ್ದವು.

"ಯಾಕ ಸೇದಿದಿ?"

"ಚಲೋ ಅನಸ್ತು. ಸೇದಿದೆ."

"ಯಾರಾದರೂ ಜುಲ್ಮಿ ಮಾಡಿದ್ರೇನು?"

"ಇಲ್ರಿ. ಬೆಣ್ಣಿ ಬಿಸ್ಕೀಟ್ ವಾಸನಿ ಇತ್ತು. ಅದರಾಗ ವಿಷಾ ಐತಿ ಅಂತ ಅಂದಿದ್ರ ಮುಟ್ಟತಿರಲಿಲ್ಲ. ಅಂದಿಲ್ಲ. ಅದ ನನ್ನ ತಕರಾರ."

"ನೋಡವಾ, ಸೇದೂದು ಕಾಯ್ದೆದಾಗ ಗುನ್ನೆ ಅಲ್ಲ. ಮಾಡೂದು, ಮಾರೂದು, ಇಟಗೊಳ್ಳೂದು ಗುನ್ನೆ. ನಿನ್ನ ಮ್ಯಾಲ ಕೇಸ್ ಆಗೂದಿಲ್ಲ. ಆದ್ರ ನಾಳೆ ನೌಕರಿಗೆ ನಿನ್ನ ಚಾರಿತ್ರ್ಯ ನೋಡಾಕ ಬಂದವರು ಈ ಕಾಗದ ಓದತಾರ. ಹೆಸರು ಇರಲಿಲ್ಲಂದ್ರ ನಾನು ಮಾಹಿತಿ ಬಂತು ಅಂತ ಕೇಸ್ ಮಾಡಬಹುದು. ಪೆನ್ನು ಮಾರಿದ್ದಕ್ಕ ಶಿಕ್ಷಾ ಆಗತೈತಿ. ನಿನ್ನ ಪುಪ್ಪುಸದ್ದು ಕೇಸಿನ್ಯಾಗ ಬರೂದಿಲ್ಲ."

ಪ್ರಜ್ಞಾ ಉಸಿರು ಕೂಡಿಸಿಕೊಂಡಳು.

"ಪುಪ್ಪುಸ ನಂದು. ಹೆಸರೂ ನಂದ ಇರಲಿ," ಅಂದಳು.

11.55ಕ್ಕೆ ಎಫ್‌ಐಆರ್ ದಾಖಲಾಯಿತು. ಎಲೆಕ್ಟ್ರಾನಿಕ್ ಸಿಗರೇಟ್ ನಿಷೇಧ ಕಾಯ್ದೆಯ ಕಲಂಗಳ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 125 ಮತ್ತು 286. ಇತರರ ಜೀವಕ್ಕೆ ಅಪಾಯ ತರುವ ಕೃತ್ಯ, ವಿಷವಸ್ತುವಿನ ಬಗ್ಗೆ ನಿರ್ಲಕ್ಷ್ಯ. ಪ್ರಜ್ಞಾ ತಂದಿದ್ದ ಪೆನ್ನು ಮತ್ತು ಅದಕ್ಕೆ ತುಂಬುವ ದ್ರವದ ಬಾಟಲಿಯನ್ನು ಇಬ್ಬರು ಪಂಚರ ಎದುರು ವಶಕ್ಕೆ ಪಡೆಯಲಾಯಿತು. ಮಡಿವಾಳೆಪ್ಪ ಪಂಚನಾಮೆ ಬರೆದ. ಕಂದು ಗಾಜಿನ ಬಾಟಲಿ, ಹೆಬ್ಬೆರಳಿನ ಎತ್ತರ, ಚೀಟಿ ಇಲ್ಲ. ಒಳಗೆ ಅರ್ಧದಷ್ಟು ತಿಳಿಹಳದಿ ದ್ರವ. ಕುತ್ತಿಗೆಗೆ ಕೆಂಪು ದಾರ, ಎರಡು ಗಂಟು.

ದಾರದ ಮಾತು ಬರೆದ ಮೇಲೆ ಅವನ ಕೈ ನಿಂತಿತು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನ ಮಡಿವಾಳೆಪ್ಪ?"

"ಮೇಡಂ, ಇದು ಯರಗಟ್ಟಿ ದಾರ ಅನಸ್ತೈತ್ರಿ."

ಯರಗಟ್ಟಿಯಲ್ಲಿ ಒಂದು ಹಳೆಯ ಶರಬತ್ತಿನ ಮನೆತನ ಇದೆ ಎಂದು ಅವನು ವಿವರಿಸಿದ. ಸೋಡಾ ಅಂಗಡಿ, ಬೇಕರಿ, ಮದುವೆ ಮನೆ ಎಲ್ಲಕ್ಕೂ ಅವರದೇ ಶರಬತ್ತು, ಅವರದೇ ಎಸೆನ್ಸ್. ಅವರಲ್ಲಿ ಒಂದು ಪದ್ಧತಿ ಉಂಟು. ಕಲಸಿದಾಗ ಮನೆಯ ಯಜಮಾನ ಎಡಗೈ ಹೆಬ್ಬೆರಳಿನ ಬುಡಕ್ಕೆ ಒಂದು ಹನಿ ಹಾಕಿಕೊಂಡು ನೆಕ್ಕಿ ನೋಡುತ್ತಾನೆ, ಒಂದು ಗಂಟು. ಬಾಟಲಿಗೆ ತುಂಬಿದ ಮೇಲೆ ಇನ್ನೊಮ್ಮೆ, ಇನ್ನೊಂದು ಗಂಟು. ದಾರವಿಲ್ಲದ ಬಾಟಲಿ ಅವರ ಮನೆಯಿಂದ ಹೊರಬೀಳುವುದಿಲ್ಲ.

"ನನ್ನ ಲಗ್ನದಾಗೂ ಇದ ದಾರ ಇತ್ರಿ. ನಮ್ಮ ಮಾವ ಗಂಟ ಎಣಿಸಿ ಬಾಟ್ಲಿ ಮನಿಯೊಳಗ ಬಿಟ್ಟಿದ್ದ."

"ಕಳ್ಳ ಮಾಲಿಗೆ ತನ್ನ ಗುರುತು ತಾನ ಕಟ್ಟತಾನೇನು?"

"ಅವರಿಗೆ ಅದು ಗುರುತಲ್ರಿ ಮೇಡಂ. ಮರ್ಯಾದಿ."

ಮರುದಿನ, ಫೆಬ್ರುವರಿ 11ರ ಮಧ್ಯಾಹ್ನ 12.20ಕ್ಕೆ ಮಹಾನಂದಾ ಬೆಳಗಾವಿಯಲ್ಲಿ ಪ್ರಜ್ಞಾಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ವಿಜಯ ಅವರನ್ನು ಕಂಡರು. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದರು.

"ಸಣ್ಣ ನಾಳ ಗಾಯ ಆಗಿ ಮಾಯ್ದು ಬಿಗದಾವ. ಗಾಳಿ ಒಳಗ ಹೋಗತೈತಿ, ಹೊರಗ ಬರಾಕ ಜಾಗಾ ಇಲ್ಲ."

"ಈ ಪೆನ್ನಿನಿಂದ ಆತು ಅಂತ ಬರದ ಕೊಡತೀರೇನು?"

"ನೂರಕ್ಕ ನೂರು ಅಂತ ಬರದ ಕೊಡಂಗಿಲ್ರಿ. ಬ್ಯಾರೆ ಕಾರಣ ಯಾವವು ಇಲ್ಲ ಅನ್ನೂದು ತಪಾಸಣಿ ಮಾಡೀನಿ, ಅದನ್ನ ಬರೀತೇನಿ. ಹಿಂದ ಹೊರದೇಶದಾಗ ಪಾಪ್‌ಕಾರ್ನ್ ಫ್ಯಾಕ್ಟರಿ ಕೆಲಸಗಾರರಿಗೆ ಬೆಣ್ಣಿ ವಾಸನಿ ಎಸೆನ್ಸಿನ ಹಬೆ ಕುಡದು ಇಂಥಾದ್ದ ಆಗಿತ್ತು. ಡೈಅಸಿಟೈಲ್ ಅಂತ ಅದರ ಹೆಸರು. ಬಾಟ್ಲಿದಾಗ ಅದು ಇತ್ತಂದ್ರ, ಸಂಶಯ ಬಲವಾದದ್ದು ಅಂತ ಕೋರ್ಟಿನ್ಯಾಗ ಹೇಳತೇನಿ."

"ತಿನ್ನೂ ಎಸೆನ್ಸ್ ಅಲ್ಲೇನ್ರಿ ಅದು?"

"ತಿನ್ನಾಕ ಮಂಜೂರಿ ಐತಿ. ಹೊಟ್ಟಿಗಿ ಅರಗಸಾಕ ಬರ್ತೈತಿ ಮೇಡಂ. ಪುಪ್ಪುಸಕ್ಕ ಆ ಕೆಲಸ ಯಾರೂ ಕಲಿಸಿಲ್ಲ."

"ಹುಡುಗಿ ಓಡತಾಳೇನು?"

ಡಾಕ್ಟರು ಹಾಳೆಯನ್ನು ಲಕೋಟೆಗೆ ಹಾಕಿದರು. "ಇದ್ದದ್ದು ಉಳಿಸೂಣು. ಹೋದದ್ದು ಬರೂದಿಲ್ಲ. ಆಕಿಗೆ ಹೇಳೀನಿ."

"ಏನಂದ್ಲು?"

"ಠಾಣೆ ಎಲ್ಲೈತಿ ಅಂದ್ಲು."

ಫೆಬ್ರುವರಿ 12, ಬುಧವಾರ ಬೆಳಿಗ್ಗೆ 7.15ಕ್ಕೆ ಓಟದ ಮೈದಾನದಿಂದಲೇ ಕಾಂತೇಶನನ್ನು ಕರೆತಂದರು. ಮೂವತ್ತೊಂದರ ಯುವಕ. ಕೊರಳಲ್ಲಿ ಸೀಟಿ, ಕೈಯಲ್ಲಿ ಸೆಕೆಂಡು ಎಣಿಸುವ ಗಡಿಯಾರ. ಕುರ್ಚಿ ತೋರಿಸುವ ಮೊದಲೇ ಕುಳಿತ.

"ಪೆನ್ನು ಎಲ್ಲಿಂದ ಬಂತು?"

"ಆನ್‌ಲೈನ್. ಮುಂಬೈ ಪಾರ್ಸಲ್."

"ಒಳಗಿನ ಔಷಧ?"

"ಅದೂ ಮುಂಬೈ."

ಮಡಿವಾಳೆಪ್ಪ ಮೊಹರು ಮಾಡಿದ ಚೀಲವನ್ನು ಅವನ ಮೂಗಿನ ಹತ್ತಿರ ಹಿಡಿದ. "ಮುಂಬೈದವರು ಯರಗಟ್ಟಿ ದಾರಾ ಯಾವಾಗಿಂದ ಕಟ್ಟಾಕತ್ತಾರೋ ತಮ್ಮಾ?"

ಕಾಂತೇಶ ಚೀಲ ನೋಡಿದ, ಗೋಡೆ ನೋಡಿದ. ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ನಿಕೋಟಿನ್ ಇಲ್ರಿ ಅದರಾಗ. ನಿಕೋಟಿನ್ ಇಲ್ಲಂದ್ರ ಗುನ್ನೆ ಆಗೂದಿಲ್ಲ."

"ಯಾರಂದ್ರು?"

"ಎಲ್ಲಾರೂ ಅಂತಾರ."

ಮಹಾನಂದಾ ಕಾಯ್ದೆಯ ಪುಸ್ತಕ ತೆರೆದು ಅವನ ಕಡೆ ತಿರುಗಿಸಿದರು. ನಿಕೋಟಿನ್ ಇರಲಿ ಇಲ್ಲದಿರಲಿ, ಸುವಾಸನೆ ಇರಲಿ ಇಲ್ಲದಿರಲಿ, ಕಾಯಿಸಿ ಹಬೆ ಮಾಡಿ ಎಳೆದುಕೊಳ್ಳುವ ಸಾಧನ ಎಂದರೆ ನಿಷೇಧ. ಕಾಂತೇಶ ಆ ಸಾಲನ್ನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ.

"ಯರಗಟ್ಟಿಯೊಳಗ ಯಾರು?"

"ವಿರೂಪಾಕ್ಷಪ್ಪಣ್ಣಾರು. ಶರಬತ್ತಿನವರು. ಮಾಲು ಕೆಟ್ಟದ್ದಲ್ರಿ ಮೇಡಂ, ಅವರು ನೆಕ್ಕಿ ನೋಡಿ ಕೊಡತಾರ."

"ನೀ ಸೇದತಿದ್ದೇನು?"

"ನನಗ್ಯಾಕ್ರಿ? ನಾ ಓಡಾಂವ."

ಆ ಮಾತು ಆಡಿದ ಮೇಲೆ ಅವನು ತಲೆ ಎತ್ತಲಿಲ್ಲ. ಮಾರಾಟ ಮಾಡಿದ ಆರೋಪದ ಮೇಲೆ ಅವನ ಹೇಳಿಕೆ ಪಡೆದು, ಅವನ ಕೊಠಡಿಯಲ್ಲಿದ್ದ ಹನ್ನೊಂದು ಪೆನ್ನುಗಳನ್ನು ಜಪ್ತಿ ಮಾಡಿ, ಕರೆದಾಗ ಹಾಜರಾಗುವಂತೆ ನೋಟಿಸ್ ಕೊಟ್ಟು ಕಳಿಸಿದರು.

ಫೆಬ್ರುವರಿ 13ರ ಬೆಳಿಗ್ಗೆ 10.30ಕ್ಕೆ, ಅಲ್ಲಿಯ ಠಾಣೆಗೆ ತಿಳಿಸಿ, ಮಹಾನಂದಾ ತಂಡ ಯರಗಟ್ಟಿ ತಲುಪಿತು. ಅಂಗಡಿ ಬೆಳಗಾವಿ ರಸ್ತೆಗೆ ಮುಖ ಮಾಡಿತ್ತು. ಮುಂದೆ ಮಾರಾಟ, ಹಿಂದೆ ಕಲಸುವ ಕೋಣೆ, ಮೇಲೆ ಮನೆ. ಕಪಾಟಿನಲ್ಲಿ ಗುಲಾಬಿ, ಕಸ್ತೂರಿ, ಅನಾನಸ್, ಬೆಣ್ಣೆ, ಏಲಕ್ಕಿ. ಎಲ್ಲ ಬಾಟಲಿಗಳ ಕುತ್ತಿಗೆಗೂ ಕೆಂಪು ದಾರ.

ವಿರೂಪಾಕ್ಷಪ್ಪನಿಗೆ ಐವತ್ತೆಂಟು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಶೋಧನಾ ಪತ್ರವನ್ನು ಪೂರ್ತಿ ಓದಿ, ಮಡಚಿ, ಎರಡೂ ಕೈಯಿಂದ ತಿರುಗಿ ಕೊಟ್ಟ.

"ಬರ್ರಿ. ಹುಡಕೂದು ಯಾಕ, ನಾನ ತೋರಸ್ತೇನಿ. ಕದ್ದು ಇಟ್ಟದ್ದು ಏನೂ ಇಲ್ಲ. ಶೆಟ್ಟೆವ್ವಾ, ಸಾಹೇಬರಿಗೆ ಚಾ ಇಡು," ಎಂದು ಒಳಗಿದ್ದ ಹೆಂಡತಿಯನ್ನು ಕೂಗಿದ.

"ಚಾ ಬ್ಯಾಡ್ರಿ," ಎಂದರು ಮಹಾನಂದಾ.

"ನಿಮಗ ಬ್ಯಾಡಾದ್ರ ಬ್ಯಾಡ. ಪಂಚರಿಗೆ ಬೇಕಾಗಬಹುದು. ಬಿಸಲಾಗ ಬಂದಾರ."

ಒಬ್ಬ ಪಂಚ ಬೇಕೆನ್ನುವಂತೆ ತಲೆಯಾಡಿಸಿ, ಮಡಿವಾಳೆಪ್ಪನ ಮುಖ ನೋಡಿ ನಿಲ್ಲಿಸಿದ.

ಹಿಂದಿನ ಕೋಣೆಯಲ್ಲಿ ಗ್ಲಿಸರಿನ್ ಡಬ್ಬಿಗಳು, ಅಳತೆಯ ಗಾಜು, ಬೆಣ್ಣೆ ಎಸೆನ್ಸಿನ ಕ್ಯಾನು, ಕೋಣೆಯ ತುಂಬ ಹರಡಿದ ಸಿಹಿ ವಾಸನೆ. ಕಾನ್‌ಸ್ಟೆಬಲ್ ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ಒಂದು ಮರದ ಪೆಟ್ಟಿಗೆಯಲ್ಲಿ ಅರವತ್ತಾರು ಪುಟ್ಟ ಕಂದು ಬಾಟಲಿಗಳು ಸಿಕ್ಕವು.

"ಇವು ಯಾವುದಕ್ಕ?"

"ಪೆನ್ನಿಗೆ. ಚಟಾ ಬಿಡಸೂ ಪೆನ್ನಿಗೆ. ಗುಟಕಾ, ತಂಬಾಕ, ಬೀಡಿ ಬಿಡಬೇಕನ್ನಾವರಿಗೆ."

"ಕಾಂತೇಶ ಓಡೂ ಹುಡುಗೂರಿಗೆ ಮಾರ್ಯಾನ. ಅವರಿಗೆ ಯಾವ ಚಟಾ ಇತ್ತು?"

ವಿರೂಪಾಕ್ಷಪ್ಪನಿಗೆ ಅದು ಗೊತ್ತಿರಲಿಲ್ಲ. ಒಂದು ಗಳಿಗೆ ಅವನ ಮುಖದಲ್ಲಿ ಅದು ಕಂಡಿತು. ಆಮೇಲೆ ಗದ್ದ ಮೇಲೆತ್ತಿದ.

"ಮಾರಿರಬಹುದು. ಅವರಿಗೂ ಏನೂ ಆಗೂದಿಲ್ಲ. ಇದು ತಿನ್ನೂ ವಸ್ತು."

"ಒಬ್ಬಾಕಿಗೆ ಆಗೇತಿ. ಪುಪ್ಪುಸ ಹೋಗೇತಿ."

"ಸುಳ್ಳು."

ವಿರೂಪಾಕ್ಷಪ್ಪ ಪೆಟ್ಟಿಗೆಯಿಂದ ಒಂದು ಬಾಟಲಿ ಎತ್ತಿದ. ಯಾರೂ ತಡೆಯುವಷ್ಟರಲ್ಲಿ ಮುಚ್ಚಳ ತಿರುವಿ, ಎಡಗೈಯ ಹೆಬ್ಬೆರಳ ಬುಡಕ್ಕೆ ಹನಿ ಹಾಕಿ ನೆಕ್ಕಿದ. ಅಷ್ಟಕ್ಕೆ ಸುಮ್ಮನಾಗದೆ ಒಂದು ಗುಟುಕು ಕುಡಿದ. ಮಡಿವಾಳೆಪ್ಪ ಬಾಟಲಿ ಕಸಿದುಕೊಂಡ.

"ನೋಡ್ರಿ. ಸತ್ನೇನು? ನಮ್ಮಪ್ಪ ನೆಕ್ಕಿದ, ನಮ್ಮಜ್ಜ ನೆಕ್ಕಿದ. ಈ ನಾಲಗಿ ಒಪ್ಪದ್ದು ಈ ಮನಿ ಹೊಸ್ತಿಲ ದಾಟಿಲ್ಲ. ಬರಕೋರಿ ಪಂಚನಾಮೆದಾಗ."

"ಬರಕೋತೇವಿ. ನೀವು ಎಂದರ ಸೇದಿ ನೋಡೀರೇನು?"

"ನನಗ ಯಾವ ಚಟಾನೂ ಇಲ್ಲ. ನಾಲಗಿ ಸಾಕು."

"ಕುಡದವರು ಯಾರೂ ನಮ್ಮ ಠಾಣೆಗೆ ಬಂದಿಲ್ರಿ," ಎಂದರು ಮಹಾನಂದಾ. "ಬಂದಾಕಿ ಸೇದಿದಾಕಿ."

ಅರವತ್ತಾರು ಬಾಟಲಿ, ಎಸೆನ್ಸಿನ ಕ್ಯಾನು, ಒಂಬತ್ತು ಪೆನ್ನು ಜಪ್ತಿಯಾದವು. ಮಾದರಿಗಳನ್ನು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಆರೋಪಗಳಾದ್ದರಿಂದ ಅವನನ್ನು ಆಗಲೇ ಬಂಧಿಸಲಿಲ್ಲ. ತನಿಖೆಗೆ ಹಾಜರಾಗಬೇಕು, ಈ ದ್ರವ ಮತ್ತೆ ತಯಾರಿಸಬಾರದು, ಮಾರಬಾರದು ಎಂದು ನೋಟಿಸ್ ಕೊಟ್ಟರು. ಅವನು ಸಹಿ ಹಾಕಿದ. ಸಹಿಯ ಕೆಳಗೆ ತಾನಾಗಿ ಒಂದು ಸಾಲು ಸೇರಿಸಿದ: ನಾನು ವಿಷ ಮಾರಿಲ್ಲ.

ವಾರ ಕಳೆಯುವುದರೊಳಗೆ ಸಂಗೊಳ್ಳಿಗೆ ಒಂದು ಜೀಪು ಹೋಯಿತು. ಯರಗಟ್ಟಿಯ ಹಿರಿಯರು ನಾಲ್ವರು. ಅವರಲ್ಲಿ ಹಣಮಂತಪ್ಪ ಎಂಬವರು ಮಾತಾಡಿದರು. ಫೆಬ್ರುವರಿ 20ರಂದು ಪ್ರಜ್ಞಾ ಠಾಣೆಗೆ ಬಂದು ಅದನ್ನು ತಾನೇ ಹೇಳಿದಳು.

"ಏನಂದ್ರು?"

"ದವಾಖಾನಿ ಖರ್ಚು ನಾವು ನೋಡ್ಕೋತೇವಿ, ಕಾಗದ ಹಿಂದ ತಗೋ ಅಂದ್ರು. ನಾ ಆಗೂದಿಲ್ಲ ಅಂದೆ. ಆಮ್ಯಾಲ, ತಂಗಿ, ಹೆಣ್ಮಗಳು ಹೊಗಿ ಸೇದಿದ್ದನ್ನ ಕೋರ್ಟಿನ್ಯಾಗ ಎಲ್ಲಾರ ಮುಂದ ಓದತಾರ ನೋಡು ಅಂದ್ರು."

"ನೀ ಏನಂದಿ?"

"ಜೋರಾಗಿ ಓದಂತ ಹೇಳ್ರಿ, ನಮ್ಮವ್ವಗ ಕಿವಿ ಸ್ವಲ್ಪ ಮಂದ ಅಂದೆ."

ಮಡಿವಾಳೆಪ್ಪ ಕಡತದಲ್ಲಿ ಮುಖ ಮುಚ್ಚಿಕೊಂಡ. ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ರೇಣು ಒಳಗೆ ಬಂದಳು. "ನನ್ನ ಕಿವಿ ಚಲೋನ ಅದಾವ್ರಿ ಮೇಡಂ. ಇಕಿ ಬಾಯಿ ಕೆಟ್ಟೈತಿ." ಆಮೇಲೆ ಮಗಳನ್ನು ನೋಡದೆ ಅಂದಳು: "ಆ ನಾಕ ಮಂದಿಗೆ ನೀರು ಸೈತ ಕೊಡಲಿಲ್ರಿ ನಾ."

ಸಾಕ್ಷಿ ಹೇಳುವವರ ಮೇಲೆ ಒತ್ತಡ ಬರುತ್ತಿದೆ ಎಂದು ಮಹಾನಂದಾ ದಿನಚರಿಯಲ್ಲಿ ಬರೆದರು. ಫೆಬ್ರುವರಿ 24ರಂದು ಪ್ರಜ್ಞಾಳ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲಾಯಿತು. ಇನ್ನು ಯಾರು ಬಂದು ಕೇಳಿದರೂ ಹಿಂದಕ್ಕೆ ತೆಗೆದುಕೊಳ್ಳುವ ಕಾಗದ ಅವಳ ಕೈಯಲ್ಲಿ ಇರಲಿಲ್ಲ. ನ್ಯಾಯಾಲಯದಿಂದ ಹೊರಬಂದಾಗ ಅವಳು ಬೇವಿನ ಮರದ ಕೆಳಗೆ ಬಹಳ ಹೊತ್ತು ಕುಳಿತಳು. ಮಹಾನಂದಾ ಪಕ್ಕದಲ್ಲಿ ಕುಳಿತರು. ಅವಳ ಎದೆಯಿಂದ ಬರುತ್ತಿದ್ದ ಸಣ್ಣ ಸಿಳ್ಳಿನ ಸದ್ದು ಮಾತ್ರ ಕೇಳುತ್ತಿತ್ತು.

ಪ್ರಯೋಗಾಲಯದ ವರದಿ ಮಾರ್ಚ್ 12ಕ್ಕೆ ಬಂತು. ಅಷ್ಟು ಬೇಗ ಬಂದದ್ದನ್ನು ಮಡಿವಾಳೆಪ್ಪನೇ ನಂಬಲಿಲ್ಲ. ನಿಕೋಟಿನ್ ಇಲ್ಲ. ಡೈಅಸಿಟೈಲ್ ಇದೆ, ಗಣನೀಯ ಪ್ರಮಾಣದಲ್ಲಿ. ಪ್ರಜ್ಞಾ ಕೊಟ್ಟ ಬಾಟಲಿ, ಮರದ ಪೆಟ್ಟಿಗೆಯ ಬಾಟಲಿಗಳು, ಕ್ಯಾನು, ಮೂರರಲ್ಲೂ ಅದೇ. ಡಾಕ್ಟರ್ ವಿಜಯ ತಮ್ಮ ಅಭಿಪ್ರಾಯಕ್ಕೆ ಒಂದು ಪುಟ ಸೇರಿಸಿ ಸಹಿ ಮಾಡಿದರು.

ಮಾರ್ಚ್ 17ರ ಸೋಮವಾರ ಯರಗಟ್ಟಿಯಿಂದ ಮಾಹಿತಿ ಬಂತು. ವಿರೂಪಾಕ್ಷಪ್ಪ ಮತ್ತೆ ಮಾರುತ್ತಿದ್ದಾನೆ. ಕದ್ದಲ್ಲ, ಅಂಗಡಿಯ ಮುಂದೆ ಹಲಗೆ ಹಾಕಿ. ಮಡಿವಾಳೆಪ್ಪ ಸಾದಾ ಉಡುಪಿನಲ್ಲಿ ಹೋಗಿ ಬಾಟಲಿ ಕೇಳಿದ.

"ನೀವು ಪೊಲೀಸರು," ಎಂದನಂತೆ ವಿರೂಪಾಕ್ಷಪ್ಪ. "ಹೋದ ತಿಂಗಳ ನನ್ನ ಕೈಯಾಗಿಂದ ಬಾಟ್ಲಿ ಕಸಗೊಂಡವರು."

"ಹೌದ್ರಿ."

"ತಗೋರಿ. ರಸೀದಿ ಬರೀಲೇನು?"

"ಬರೀರಿ."

ಅವನು ರಸೀದಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿ ಕೊಟ್ಟ. ಮಡಿವಾಳೆಪ್ಪ ತನ್ನ ನೌಕರಿಯಲ್ಲಿ ಅಂಥ ಸಾಕ್ಷ್ಯ ಇನ್ನೊಂದು ನೋಡಿರಲಿಲ್ಲ. ಹಲಗೆಯ ಮೇಲೆ ಬರೆದಿತ್ತು: ತಂಬಾಕಿಲ್ಲ. ನಿಕೋಟಿನ್ ಇಲ್ಲ. ಮನೆಯ ಯಜಮಾನರೇ ರುಚಿ ನೋಡಿದ್ದು.

ನೋಟಿಸಿನ ಷರತ್ತು ಮುರಿದ ಕಾರಣಕ್ಕೆ ಮಾರ್ಚ್ 18, ಮಂಗಳವಾರ ಬೆಳಿಗ್ಗೆ 9.05ಕ್ಕೆ ವಿರೂಪಾಕ್ಷಪ್ಪನನ್ನು ಬಂಧಿಸಲಾಯಿತು. ಅವನು ಸಿದ್ಧವಾಗಿಯೇ ಕುಳಿತಿದ್ದ. ಬಂಧನದ ವಿಷಯವನ್ನು ಹೆಂಡತಿ ಶೆಟ್ಟೆವ್ವನಿಗೆ ಅಂಗಡಿಯಲ್ಲೇ ತಿಳಿಸಿ ಸಹಿ ಪಡೆದರು. ಆಕೆ ಗಂಡನ ಹೆಗಲ ಮೇಲಿನ ವಸ್ತ್ರ ಸರಿಮಾಡಿದಳು. ಜೀಪು ಹತ್ತುವಾಗ ಕಾನ್‌ಸ್ಟೆಬಲ್ ತೋಳಿಗೆ ಕೈ ಹಾಕಲು ಹೋದ.

"ಮುಟ್ಟಬ್ಯಾಡಪಾ. ಹತ್ತಾಕ ಬರ್ತೈತಿ ನನಗ."

ಠಾಣೆಯಲ್ಲಿ ಪ್ರಜ್ಞಾ ಇದ್ದಳು. ವಶಪಡಿಸಿಕೊಂಡ ಬಾಟಲಿಗಳನ್ನು ಗುರುತಿಸಲು ಕರೆಸಿದ್ದರು. ವಿರೂಪಾಕ್ಷಪ್ಪ ಅವಳನ್ನು ಆವರೆಗೆ ನೋಡಿರಲಿಲ್ಲ. ಬೂಟಿನಿಂದ ಮುಖದವರೆಗೆ ನೋಡಿದ.

"ನೀನೇನವಾ ಅಕಿ? ನನ್ನ ಬಾಟ್ಲಿ ತಗೊಂಡು ಯಾರೂ ಸತ್ತಿಲ್ಲ."

"ನಾನೂ ಸತ್ತಿಲ್ರಿ ಕಾಕಾ. ಓಡಾಕ ಬರವಲ್ದು."

"ಓಟಾ ಅಂದಮ್ಯಾಲ ದಣವು ಆಗತೈತಿ."

"ಏಪ್ರಿಲ್ ಏಳಕ್ಕ ನನ್ನ ಪರೀಕ್ಷಾ ಐತಿ. ಡಾಕ್ಟರು ಓಡಬ್ಯಾಡ ಅಂದಾರ. ನಡಕೋತ ಹೋಗತೇನಿ ನಾನೂರ ಮೀಟರ. ನಪಾಸ ಅಂತ ಅವರು ಬರೀಲಿ, ನಾನಾಗಿ ಬಿಡಂಗಿಲ್ಲ. ನಿಮ್ಮ ನಾಲಗಿ ಬಂದು ನನ್ನ ಪಾಳಿ ಓಡತೈತೇನ್ರಿ?"

ಮಹಾನಂದಾ ಅವಳನ್ನು ಗೋಡೆಯ ಬದಿಯ ಬೆಂಚಿಗೆ ಕೂರಿಸಿ, ವಿಚಾರಣೆ ಶುರು ಮಾಡಿದರು.

"ನೋಟಿಸ್ ಮುರದು ಯಾಕ ಮಾರಿದ್ರಿ?"

"ಮಾರದಿದ್ರ ತಪ್ಪು ಒಪ್ಪಿದಂಗ ಆಗತಿತ್ತು."

"ಕಾಯ್ದೆದಾಗ ನಿಷೇಧ ಐತಿ. ಗೊತ್ತಿತ್ತೇನು?"

"ಈಗ ಗೊತ್ತಾತು. ತಂಬಾಕ ಕಾಯ್ದೆಪ್ರಕಾರ ಮಾರತಾರ, ಮಂದಿ ಬಾಯಿ ಹುಣ್ಣಾಗಿ ಸಾಯತಾರ. ನಾ ಅದನ್ನ ಬಿಡಸಿದ್ರ ಗುನ್ನೆ. ನಿಮ್ಮ ಕಾಯ್ದೆಗೆ ಒಂದು ನಮಸ್ಕಾರ." ಅಂಗಿಯ ಒಳಗಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿದ. "ನಿಮ್ಮ ಕಡೆ ಒಬ್ಬಾಕಿ ಸಾಕ್ಷಿ. ನನ್ನ ಕಡೆ ನಲವತ್ತೊಂದು ಮಂದಿ. ಇವರೆಲ್ಲಾರೂ ನನ್ನ ಪೆನ್ನಿನಿಂದ ಚಟಾ ಬಿಟ್ಟವರು. ಹೆಸರು, ಊರು, ಯಾವ ತಿಂಗಳಿಂದ ಸೇದಾಕತ್ತಾರ, ಎಲ್ಲಾ ಬರದೇನಿ. ಕರೀರಿ ಕೋರ್ಟಿಗೆ. ಕೇಳ್ರಿ."

ಮಹಾನಂದಾ ಹಾಳೆಯನ್ನು ಓದಿದರು. ಯರಗಟ್ಟಿ, ಸವದತ್ತಿ, ರಾಮದುರ್ಗ, ಕಿತ್ತೂರು. ಕೆಲವರು ಆರು ತಿಂಗಳಿಂದ, ಕೆಲವರು ಎರಡು ಮೂರು ವರ್ಷದಿಂದ. ಅಚ್ಚುಕಟ್ಟಾದ ಅಕ್ಷರ.

"ಇದು ಪೂರ್ತಿ ಐತೇನು? ಯಾರನ್ನೂ ಬಿಟ್ಟಿಲ್ಲಲ್ಲ?"

"ಒಬ್ಬರನ್ನೂ ಬಿಟ್ಟಿಲ್ಲ."

"ಮಡಿವಾಳೆಪ್ಪ, ಇದರದು ನಾಕ ಪ್ರತಿ ಮಾಡಸು. ಒಂದು ಡಾಕ್ಟರ್ ವಿಜಯ ಅವರಿಗೆ ಇವತ್ತ ಹೋಗಬೇಕು. ಈ ನಲವತ್ತೊಂದೂ ಮಂದಿ ಉಸರಿನ ತಪಾಸಣಿ ಆಗಬೇಕು."

ವಿರೂಪಾಕ್ಷಪ್ಪ ಹಾಳೆಯ ಕಡೆ ಕೈ ಚಾಚಿದ. ಅದು ಆಗಲೇ ಮಡಿವಾಳೆಪ್ಪನ ಕೈಯಲ್ಲಿತ್ತು.

"ಅವರಿಗೆ ಏನೂ ಆಗಿಲ್ಲ."

"ಆಗಿರಲಿಲ್ಲಂದ್ರ ನಿಮಗ ಸಾಕ್ಷಿ ಆಗತಾರ. ನಾನ ಕರಸ್ತೇನಿ ಕೋರ್ಟಿಗೆ," ಎಂದರು ಮಹಾನಂದಾ. "ಮೊದಲನೇ ಹೆಸರು ಶೆಟ್ಟೆವ್ವ ಅಂತೈತಿ."

"ನನ್ನ ಹೆಂಡತಿ. ಇಪ್ಪತ್ತ ವರ್ಷ ಹಲ್ಲಿಗೆ ತಂಬಾಕ ತಿಕ್ಕತಿದ್ಲು. ಮೂರು ವರ್ಷಾತು, ಮುಟ್ಟಿಲ್ಲ."

"ಪೆನ್ನು?"

"ದಿನಾ ಸೇದತಾಳ. ಆಕೀನ ಮೊದಲನೇ ಗಿರಾಕಿ." ಧ್ವನಿಯಲ್ಲಿ ಇನ್ನೂ ಹೆಮ್ಮೆ ಇತ್ತು.

ಬೆಂಚಿನಿಂದ ಪ್ರಜ್ಞಾ ಕೇಳಿದಳು. "ಕಾಕಾ, ನಿಮ್ಮ ಮನಿ ಮ್ಯಾಲ ಐತಿ ಅಂತ ಕೇಳೀನಿ. ಕಾಕು ಮೆಟ್ಟಲ ಹೆಂಗ ಹತ್ತತಾರ್ರಿ?"

ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ವಿರೂಪಾಕ್ಷಪ್ಪ ತಿರುಗಿ ಅವಳನ್ನು ನೋಡಿದ. ಅವಳ ಹೆಗಲು ಪ್ರತಿ ಉಸಿರಿಗೂ ಮೇಲೇಳುವುದನ್ನು, ಮಾತು ಮುಗಿದ ಮೇಲೂ ಬಾಯಿ ತುಸು ತೆರೆದೇ ಇರುವುದನ್ನು ನೋಡಿದ.

"ದೀಪಾವಳಿಯಿಂದ ಕೆಳಗ ಹಾಸಗೋತಾಳ," ಅಂದ. "ಮೊಳಕಾಲ ಬ್ಯಾನಿ ಅಂತಾಳ."

ಮಡಿವಾಳೆಪ್ಪ ಅದನ್ನೂ ಬರೆದುಕೊಂಡ.

ಹೇಳಿಕೆಯ ಉಳಿದ ಭಾಗವನ್ನು ಯಾರೂ ಕೇಳದೆಯೇ ಅವನು ಹೇಳಿದ. ಅಣ್ಣ ಕಾಡಪ್ಪನಿಗೆ ಗುಟ್ಕಾದಿಂದ ದವಡೆಯ ಹುಣ್ಣಾಗಿತ್ತು. ಅವನು ಹಾಸಿಗೆ ಹಿಡಿದ ಹನ್ನೊಂದು ತಿಂಗಳು ದಿನಕ್ಕೆರಡು ಸಲ ಅವನ ಬಾಯಿ ತೊಳೆದದ್ದು ವಿರೂಪಾಕ್ಷಪ್ಪನೇ. ವಾಸನೆಗೆ ಬೇರೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಗುಲಾಬಿ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುತ್ತಿದ್ದ. ಅಣ್ಣ ಹೋದ ಮೇಲೆ ಹೆಂಡತಿಯ ತಂಬಾಕಿನ ಡಬ್ಬಿಯನ್ನು ರಸ್ತೆಗೆ ಎಸೆದ, ಆಕೆ ಇನ್ನೊಂದು ತಂದಳು. ಆಗ ಯಾರೋ ಪೆನ್ನಿನ ವಿಷಯ ಹೇಳಿದರು. ಪೇಟೆಯ ದ್ರವದಲ್ಲಿ ನಿಕೋಟಿನ್ ಇರುತ್ತದೆ ಎಂದು ತಿಳಿದು, 'ನಾನೇ ಮಾಡತೇನಿ' ಅಂದುಕೊಂಡ. ಆಕೆಗೆ ಬೆಣ್ಣೆ ಬಿಸ್ಕೀಟು ಇಷ್ಟ.

ಮಹಾನಂದಾ ಇಷ್ಟನ್ನೂ ಇದ್ದ ಹಾಗೆ ಬರೆಸಿಕೊಂಡರು. ಕೃತ್ಯದ ಉದ್ದೇಶ ಎಂಬ ಕಡೆ ಏನು ಬರೆಯಬೇಕೆಂದು ಮಡಿವಾಳೆಪ್ಪ ಕೇಳಿದ. ಅವರು ತುಸು ಯೋಚಿಸಿ, ಹೇಳಿಕೆಯ ಪುಟ ಸಂಖ್ಯೆಯನ್ನಷ್ಟೇ ಹಾಕಿಸಿದರು.

ಮಧ್ಯಾಹ್ನ 2.40ಕ್ಕೆ ನ್ಯಾಯಾಲಯಕ್ಕೆ ಹೊರಡಿಸುವ ಮುನ್ನ ಮಡಿವಾಳೆಪ್ಪ ಬಂದು, ಶೆಟ್ಟೆವ್ವ ಫೋನು ಮಾಡಿದ್ದಾಳೆ, ಜಾಮೀನಿನ ಕಾಗದ ತಗೊಂಡು ಬಸ್ಸಿಗೆ ಹೊರಟಿದ್ದಾಳಂತೆ ಎಂದು ತಿಳಿಸಿದ. ವಿರೂಪಾಕ್ಷಪ್ಪ ಆವತ್ತಿನ ದಿನ ಮೊದಲ ಬಾರಿಗೆ ಎದ್ದು ನಿಂತು ಮಾತಾಡಿದ.

"ಇಲ್ಲಿಗೆ ಬ್ಯಾಡ ಅನ್ರಿ ಸಾಹೇಬ್ರ. ನಾ ಇಲ್ಲೆ ಇರತೇನಿ, ನನಗೇನೂ ಆಗೂದಿಲ್ಲ. ಬಸ್ಸ ಇಳಿದು ಬೆಳಗಾವಿ ದವಾಖಾನಿಗೆ ಹೋಗಂತ ಹೇಳ್ರಿ. ಆ ಡಾಕ್ಟರ ಹೆಸರು ಏನಂದ್ರಿ?"

ಪ್ರಜ್ಞಾ ಬೆಂಚಿನಿಂದ ಎದ್ದಳು.

"ವಿಜಯ ಅಂತ. ಹನ್ನೆರಡನೇ ನಂಬರ್ ಖೋಲಿ. ಕಾಕು ಎಲ್ಲಿ ಇಳೀತಾರ ಹೇಳ್ರಿ, ನಾ ಕರಕೊಂಡ ಹೋಗತೇನಿ," ಅಂದಳು.